ವಿನೋಬನಗರದಿಂದ ಹೊಳೆಯ ತನಕ

ಬರ್ರಿ, ಇಲ್ಲೇ ಬೇವಿನ ಮರದ ಕೆಳಗೆ ನಿಂತುಕೊಳ್ಳಿ. ಇನ್ನೂ ಒಂಬತ್ತು ಹೊಡೆದಿಲ್ಲ, ಆಗಲೇ ದಾವಣಗೆರೆಯ ಬಿಸಿಲು ಕುತ್ತಿಗೆ ಸುಡುತ್ತಿದೆ. ಇವತ್ತು ಜೂನ್ 5. ರೋಹಿಣಿ ಮಳೆ ಮುಗಿಯುತ್ತ ಬಂತು, ಮೃಗಶಿರ ಹುಟ್ಟಲು ಇನ್ನೆರಡು ಮೂರು ದಿನ. ವಿನೋಬನಗರದ ಈ ಕಾಲೇಜಿನ ಗೇಟಿನೊಳಗೆ ರಿವರ್ಸ್ ಬರುತ್ತಿರುವ ಟಾಟಾ ಏಸ್ ನೋಡಿ. ಅದರ ತುಂಬ ಅರಣ್ಯ ಇಲಾಖೆಯ ನರ್ಸರಿಯ ಸಸಿಗಳು: ಹೊಂಗೆ, ಬೇವು, ನೇರಳೆ, ಬಸವನಪಾದ, ಒಂದಷ್ಟು ಮಹಾಗನಿ. ಗಾಡಿ ಗುಂಡಿಗೆ ಇಳಿದು ಎದ್ದಾಗಲೆಲ್ಲ ಎಳೆ ತುದಿಗಳು ಒಟ್ಟಿಗೇ ತಲೆಯಾಡಿಸುತ್ತವೆ.

“ಎಲ್ಲಿಗೆ ಇಳಿಸ್ಲಿ ಮೇಡಂ?”

“ನೆರಳಿಗೆ ಇಳಿಸ್ರಿ. ಬಿಸಿಲಿಗಿಟ್ರೆ ಭಾಷಣ ಮುಗಿಯೋದ್ರೊಳಗೆ ಬಾಡಿ ಹೋಗ್ತಾವೆ.”

ಹೀಗಂದವರು ಸಸ್ಯಶಾಸ್ತ್ರದ ಮೇಡಂ. ಎನ್ನೆಸ್ಸೆಸ್ ಘಟಕವೂ ಅವರದೇ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಕೈಯಲ್ಲಿ ಬ್ಲೇಡಿನ ಪೊಟ್ಟಣ. ಪ್ರತಿ ಸಸಿಯೂ ಕಪ್ಪು ಪಾಲಿಥಿನ್ ಚೀಲದಲ್ಲಿ ಬಂದಿದೆ. ಪ್ಲಾಸ್ಟಿಕ್ ಬೇಡ ಎಂದು ಬರೆದ ಬಟ್ಟೆಯ ಬ್ಯಾನರಿನ ಕೆಳಗೆ ಅಷ್ಟೊಂದು ಕಪ್ಪು ಚೀಲ ಉದುರುತ್ತವೆ ಎನ್ನುವುದು ಅವರಿಗೆ ಮೊದಲೇ ಹೊಳೆದಿದೆ. ಒಬ್ಬ ಹುಡುಗನನ್ನು ಗೋಣಿಚೀಲದ ಸಮೇತ ಅದಕ್ಕೇ ಕೂರಿಸಿದ್ದಾರೆ: ಚೀಲ ಹರಿಯಬಾರದು, ಒಂದು ಪಕ್ಕಕ್ಕೆ ಉದ್ದ ಸೀಳಬೇಕು, ಬೇರಿನ ಮಣ್ಣು ಕಳಚಬಾರದು, ಖಾಲಿ ಚೀಲ ಗೋಣಿಗೆ ಬರಬೇಕು. ಹುಡುಗ ಎಣಿಸಿಕೊಂಡೇ ಇಸಿದುಕೊಳ್ಳುತ್ತಾನಂತೆ.

ಬ್ಯಾನರ್ ಬಟ್ಟೆಯದು ಅಂದೆನಲ್ಲ, ಅದೂ ಸುಮ್ಮನೆ ಆದದ್ದಲ್ಲ. ಫ್ಲೆಕ್ಸ್ ಹಾಕಿಸಿದ್ದರೆ ಅರ್ಧ ಗಂಟೆಯ ಕೆಲಸ. ಬಿ.ಎ. ಓದುವ, ಕೈಬರಹ ಚೆನ್ನಾಗಿರುವ ಹುಡುಗಿಯೊಬ್ಬಳು ರಾತ್ರಿಯೆಲ್ಲ ಕೂತು ಬರೆದಿದ್ದಾಳೆ. ‘ವಿಶ್ವ’ದ ‘ಶ್ವ’ ಅಕ್ಷರಕ್ಕೆ ಬಣ್ಣ ಸ್ವಲ್ಪ ಇಳಿದಿದೆ. ಗೇಟಿನ ಹೊರಗೆ ಮಾತ್ರ ಗಣ್ಯರಿಗೆ ಸ್ವಾಗತ ಕೋರುವ ಫ್ಲೆಕ್ಸ್ ಒಂದು ಯಾರೂ ಕೇಳದೆಯೇ ಬಂದು ನಿಂತಿದೆ. ಅದನ್ನು ಇಳಿಸುವ ಧೈರ್ಯ ಯಾವ ಕಾಲೇಜಿಗೂ ಇಲ್ಲ ಬಿಡಿ.

ಈಗ ಆವರಣದ ಸುತ್ತ ಒಮ್ಮೆ ಕಣ್ಣು ಹಾಯಿಸಿ. ಇಂಟರ್‌ಲಾಕ್ ಟೈಲ್ಸು, ಬೈಕ್ ನಿಲ್ಲಿಸುವ ತಗಡಿನ ಚಪ್ಪರ, ಬಾಸ್ಕೆಟ್‌ಬಾಲ್ ಕಂಬ. ಮಣ್ಣು ಕಾಣುವುದು ಕಾಂಪೌಂಡಿನ ಗೋಡೆಯುದ್ದಕ್ಕೂ ಎರಡು ಮೊಳ ಅಗಲದ ಪಟ್ಟಿಯಲ್ಲಿ ಮಾತ್ರ. 1951ರಲ್ಲಿ ಪೋಚಂಪಲ್ಲಿಯಲ್ಲಿ ಭೂದಾನ ಶುರು ಮಾಡಿ, ನಡೆದೂ ನಡೆದೂ ಜಮೀನು ಕೇಳಿದ ಮುದುಕರ ಹೆಸರಿಟ್ಟುಕೊಂಡ ಬಡಾವಣೆ ಇದು. ಇಲ್ಲಿ ಒಂದು ಸಸಿಗೆ ಮೂರಡಿ ಜಾಗ ದಾನ ಸಿಗುವುದು ಕಷ್ಟ. ಮೇನು, ಕ್ರಾಸುಗಳಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಚರಂಡಿ ಆದ ಮೇಲೆ ರಸ್ತೆ, ರಸ್ತೆ ಆದ ಮೇಲೆ ಚರಂಡಿ.

ಆ ಮಣ್ಣಿನ ಪಟ್ಟಿಯಲ್ಲಿ ಹಾರೆ ಊರಿಕೊಂಡು ನಿಂತವರು ಕಾಲೇಜಿನ ತೋಟದ ಕೆಲಸದ ಅಜ್ಜ. ಎಲ್ಲರಿಗೂ ಅಜ್ಜಾರೇ. ಪ್ರಿನ್ಸಿಪಾಲರು ನೂರು ಗಿಡ ಅಂದಿದ್ದರು. ಅಜ್ಜ ತೋಡಿರುವುದು ಹದಿನೆಂಟು ಗುಂಡಿ.

“ಯಾಕ್ ಅಜ್ಜಾರ, ಇಷ್ಟೇ?” ಮೇಡಂ ಕೇಳುತ್ತಾರೆ.

“ಹದಿನೆಂಟಕ್ಕಿಂತ ಹೆಚ್ಚಿಗೆ ನೀರ್ ಹಾಕಾಕೆ ನನ್ ಕೈಲಿ ಆಗಲ್ಲ ಮೇಡಂ. ಹಾಕೋರು ಯಾರಾದ್ರೂ ಅದಾರಾ ಅಂದ್ರೆ ಹೇಳ್ರಿ, ಇನ್ನೂ ತೋಡ್ತೀನಿ.”

ಸುತ್ತ ನಿಂತ ಹುಡುಗರು ನಗುತ್ತಾರೆ. ಅಜ್ಜ ನಗುವುದಿಲ್ಲ. ಮಳೆ ಹಿಡಿಯುವ ತನಕ ಒಂದೊಂದಕ್ಕೆ ದಿನ ಬಿಟ್ಟು ದಿನ ಹತ್ತು ಲೀಟರಿನ ಬಕೆಟ್ ಒಂದು ಬೇಕು. ಹದಿನೆಂಟಕ್ಕೆ ನೂರಾ ಎಂಬತ್ತು ಲೀಟರ್. ಮಳೆ ನಿಂತ ಮೇಲೆ, ದೀಪಾವಳಿಯಿಂದ ಯುಗಾದಿ ದಾಟುವ ತನಕ, ಮತ್ತೆ ಅಷ್ಟೇ. ವರ್ಷಕ್ಕೆ 600-650 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಇದು. ಆಗುಂಬೆಯಲ್ಲ, ನೆಟ್ಟು ಮರೆತುಬಿಡಲು. ಬೋರ್‌ವೆಲ್ ಏಪ್ರಿಲ್‌ನಲ್ಲಿ ಗಾಳಿ ಕಾರುತ್ತದೆ, ನಲ್ಲಿ ನೀರಿಗೆ ಪಾಳಿ. ಅಜ್ಜಾರ ಲೆಕ್ಕದ ಮುಂದೆ ಪ್ರಿನ್ಸಿಪಾಲರ ನೂರು ನಿಲ್ಲಲಿಲ್ಲ. ಉಳಿದ ಸಸಿಗಳನ್ನು ಮನೆ ಮುಂದೆ ಜಾಗ ಇದ್ದವರು ಹೆಸರು ಬರೆಸಿ ಒಯ್ಯುವುದೆಂದು ತೀರ್ಮಾನ ಆಗುತ್ತದೆ. ನನ್ನನ್ನು ಕೇಳಿದರೆ ಇವತ್ತು ಬೆಳಿಗ್ಗೆ ಇಲ್ಲಿ ನಡೆದ ಅತ್ಯಂತ ತಿಳಿವಳಿಕೆಯ ಮಾತು ಈ ಹದಿನೆಂಟು. ವೇದಿಕೆಯ ಮೇಲೆ ಅದನ್ನು ಯಾರೂ ಹೇಳುವುದಿಲ್ಲ.

ನೆಡುವ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಮುಖ್ಯ ಅತಿಥಿ ಸಸಿ ಹಿಡಿದಿದ್ದಾರೆ, ಪ್ರಿನ್ಸಿಪಾಲರು ಸಸಿ ಹಿಡಿದ ಮುಖ್ಯ ಅತಿಥಿಯ ಮೊಣಕೈ ಹಿಡಿದಿದ್ದಾರೆ, ಫೋಟೋದವನು “ಸರ್, ಸ್ವಲ್ಪ ಇತ್ಲಾಗೆ” ಅನ್ನುತ್ತಿದ್ದಾನೆ. ಬನ್ನಿ, ಒಳಗೆ ಹೋಗೋಣ.

ಸಭಾಂಗಣದಲ್ಲಿ ಫ್ಯಾನುಗಳು ಪೂರ್ತಿ ತಿರುಗುತ್ತಿವೆ, ಗಾಳಿ ಮಾತ್ರ ಕೆಳಗೆ ಬರುತ್ತಿಲ್ಲ. ನಾಡಗೀತೆ, ಸ್ವಾಗತ, ಕುಂಡದ ಗಿಡಕ್ಕೆ ತಂಬಿಗೆಯಲ್ಲಿ ನೀರೆರೆದು ಉದ್ಘಾಟನೆ. ಒಬ್ಬ ಹುಡುಗ ಸಾಲುಮರದ ತಿಮ್ಮಕ್ಕನ ಮೇಲೆ ಬಾಯಿಪಾಠದ ಭಾಷಣ ಮಾಡುತ್ತಾನೆ. ಅವನ ಕೈ ನಡುಗುತ್ತಿದೆ. ತಿಮ್ಮಕ್ಕ ದಂಪತಿ ಹುಲಿಕಲ್ಲು-ಕುದೂರು ರಸ್ತೆಯ ಆಲದ ಸಸಿಗಳಿಗೆ ಕೊಡ ಹೊತ್ತು ನೀರು ಹಾಕಿದರು ಎಂಬಲ್ಲಿಗೆ ಬಂದಾಗ ಬಾಗಿಲ ಬಳಿ ನಿಂತ ಅಜ್ಜ ತಲೆದೂಗುತ್ತಾರೆ. ಹಿಂದಿನ ಸಾಲಿನ ಪಿಸುಮಾತೂ ಕೇಳಿಸಿಕೊಳ್ಳಿ: “ಇದು ಇಂಟರ್ನಲ್ಸ್‌ಗೆ ಬರ್ತದೇನೋ?” ಪರಿಸರ ಅಧ್ಯಯನ ಎಲ್ಲ ಡಿಗ್ರಿಗಳಿಗೂ ಕಡ್ಡಾಯ. ಎಂ.ಸಿ. ಮೆಹ್ತಾ ಎಂಬ ವಕೀಲರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಅದು. ಹುಡುಗರ ಪಾಲಿಗೆ ಓದದೆ ಪಾಸಾಗುವ ಪೇಪರ್.

ಮುಖ್ಯ ಭಾಷಣಕ್ಕೆ ಎದ್ದವರು ಹರಿಹರದ ಕಡೆಯ ನಿವೃತ್ತ ಮೇಷ್ಟ್ರು. ಬಿಳಿ ಪಂಚೆ, ಹೆಗಲಿಗೆ ಖಾದಿ ಚೀಲ. ಮೈಕು ಕಿರ್ರೆಂದಿತು, ಅದನ್ನು ಪಕ್ಕಕ್ಕೆ ಸರಿಸಿದರು.

“ಗಿಡ ನೆಟ್ಟೋರ ಕಥೆ ಇವತ್ತು ಎಲ್ಲಾ ಕಡೆ ಕೇಳ್ತೀರಿ. ನಾನು ಗಿಡ ಕಿತ್ತೋರ ಕಥೆ ಹೇಳ್ತೀನಿ, ಕೂಡ್ರಿ.”

ಪಿಸುಮಾತು ನಿಲ್ಲುತ್ತದೆ.

1972ರ ಜೂನ್ 5ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾಯಿತು. ಇಂದಿರಾ ಗಾಂಧಿ ಅಲ್ಲಿಗೆ ಹೋಗಿ ಮಾತಾಡಿದರು. ಮರುವರ್ಷದಿಂದ ಜಗತ್ತು ಈ ದಿನವನ್ನು ಆಚರಿಸತೊಡಗಿತು. ಅದೇ 1972ರಲ್ಲಿ, ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ, ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಮರದಿಂದ ತಿರುಳು ತೆಗೆದು ರೇಯಾನ್ ನೂಲಿಗೆ ಒದಗಿಸುವ ಕಾರ್ಖಾನೆ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲ ಇಳಿಮುಖವಾಗುತ್ತಿದ್ದ ಹೊತ್ತಿಗೆ ಈ ಭಾಗದ ಸಾವಿರಾರು ಮನೆಗಳಲ್ಲಿ ಅದು ಒಲೆ ಉರಿಸಿತು. ಮೇಷ್ಟ್ರು ಅದನ್ನೂ ಹೇಳಿದರು, ಮುಚ್ಚಿಡಲಿಲ್ಲ. ಆದರೆ ತಿರುಳು ತೆಗೆಯಲು ಮರ ಬೇಕು, ತೊಳೆಯಲು ನೀರು ಬೇಕು, ತೊಳೆದ ನೀರು ಎಲ್ಲಿಗಾದರೂ ಹೋಗಬೇಕು. ತುಂಗಭದ್ರೆಗೆ ಹೋಯಿತು. ಎಂಬತ್ತರ ದಶಕದಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದವು. ಕೆಳಗಿನ ಹಳ್ಳಿಗಳ ಮೀನುಗಾರರ ಬಲೆ ಖಾಲಿಯಾದವು. ಅಮೆರಿಕದಲ್ಲಿದ್ದು ಬಂದು ಧಾರವಾಡ ಸೀಮೆಯಲ್ಲಿ ಸಮಾಜ ಪರಿವರ್ತನ ಸಮುದಾಯ ಕಟ್ಟಿದ ಎಸ್.ಆರ್. ಹಿರೇಮಠರು ಈ ಜನರ ಜೊತೆ ನಿಂತರು.

ಮರದ ಕಥೆ ಇನ್ನೊಂದು. 1984ರಲ್ಲಿ ಸರ್ಕಾರವೂ ಈ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಶೇ. 51 ಪಾಲು ಸರ್ಕಾರದ್ದು, 49 ಕಂಪನಿಯದು. ಸುಮಾರು 30,000 ಹೆಕ್ಟೇರ್ ಜಮೀನಿನಲ್ಲಿ ನೀಲಗಿರಿ ಬೆಳೆಸುವ ಯೋಜನೆ. ದಾಖಲೆಯಲ್ಲಿ ‘ಸಿ ಮತ್ತು ಡಿ ದರ್ಜೆ’ಯ ಜಮೀನು, ಹಳ್ಳಿಯವರ ಲೆಕ್ಕದಲ್ಲಿ ದನ ಮೇಯುವ, ಸೌದೆ-ಸೊಪ್ಪು ತರುವ ಗುಡ್ಡ. ನೀಲಗಿರಿಯನ್ನು ದನ ಮುಟ್ಟುವುದಿಲ್ಲ, ಅದರ ಸೊಪ್ಪು ಗೊಬ್ಬರಕ್ಕೂ ಆಗುವುದಿಲ್ಲ. ಈ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು.

“1987, ನವೆಂಬರ್ 14. ಹಾನಗಲ್ ತಾಲೂಕು ಕುಸನೂರು,” ಮೇಷ್ಟ್ರು ಧ್ವನಿ ಏರಿಸಲಿಲ್ಲ. “ಗಂಡಸರು, ಹೆಂಗಸರು ಗುಡ್ಡಕ್ಕೆ ಹೋದ್ರು. ಒಂದು ನೂರರಷ್ಟು ನೀಲಗಿರಿ ಸಸಿ ಕಿತ್ತರು. ಕಿತ್ತು ಸುಮ್ನೆ ಬರಲಿಲ್ಲ, ತಮಗೆ ಬೇಕಾದ ಗಿಡ ಅಲ್ಲೇ ಹಚ್ಚಿದ್ರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಅಂದ್ರೆ ಅದು.”

1991ರ ಹೊತ್ತಿಗೆ ಆ ಜಂಟಿ ಸಂಸ್ಥೆ ಮುಚ್ಚಿತು. ಆಮೇಲಿನ ವರ್ಷಗಳಲ್ಲಿ ಕಾರ್ಖಾನೆಗೆ ಶುದ್ಧೀಕರಣದ ವ್ಯವಸ್ಥೆ, ಮಾಲಿನ್ಯ ನಿಯಂತ್ರಣ ಮಂಡಳಿಯ ನಿಗಾ ಎಲ್ಲ ಬಂದವು. ಮೇಷ್ಟ್ರು ಕೊನೆಗೆ ಉಪದೇಶ ಮಾಡಲಿಲ್ಲ. “ಪ್ರಶ್ನೆ ಇದ್ರೆ ಕೇಳ್ರಿ” ಅಂದರು.

ಮೂರನೇ ಸಾಲಿನಿಂದ ಬಿ.ಕಾಂ. ಹುಡುಗಿ ಎದ್ದಳು. “ಸರ್, ಇವತ್ತು ನಾವ್ ಹಚ್ಚಿದ್ರಲ್ಲಿ ಕೀಳಬೇಕಾದ್ದು ಏನಾದ್ರೂ ಐತಾ?”

ನಗೆ ಎದ್ದಿತು. ಪ್ರಿನ್ಸಿಪಾಲರು ನೀರು ಕುಡಿದರು. ಮೇಷ್ಟ್ರು ಮಾತ್ರ ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲತ್ತ ನಡೆದೇಬಿಟ್ಟರು. ಅರ್ಧ ಸಭೆ ಅವರ ಹಿಂದೆ ಹೊರಟಿದೆ, ವಂದನಾರ್ಪಣೆಯವನು ಚೀಟಿ ಹಿಡಿದು ನಿಂತೇ ಇದ್ದಾನೆ. ಬೇಗ ಬನ್ನಿ.

ಸಾಲಿನ ಏಳನೇ ಸಸಿಯ ಮುಂದೆ ಮೇಷ್ಟ್ರು ನಿಂತು ಮೇಲೆ ನೋಡುತ್ತಾರೆ. ಎಲ್ಲರೂ ಮೇಲೆ ನೋಡುತ್ತಾರೆ. ವಿದ್ಯುತ್ ತಂತಿ. ಕೆಳಗೆ ಮಹಾಗನಿ. ಅದು ಮರವಾದರೆ ಮೂರಂತಸ್ತಿನ ಎತ್ತರ; ಆಳಾಗುವ ಮೊದಲೇ ಬೆಸ್ಕಾಂನವರು ವರ್ಷವರ್ಷ ತಲೆ ಬೋಳಿಸುತ್ತಾರೆ. “ಗಿಡ ತಪ್ಪಲ್ಲ, ಜಾಗ ತಪ್ಪು,” ಅನ್ನುತ್ತಾರೆ. ಅಜ್ಜ ಆಗಲೇ ಹಾರೆ ಹಾಕಿದ್ದಾರೆ. ಒಂದು ತಾಸಿನ ಹಿಂದೆ ಚಪ್ಪಾಳೆಯ ನಡುವೆ ನೆಟ್ಟ ಸಸಿ, ಮಣ್ಣಿನ ಹೆಂಟೆಯ ಸಮೇತ, ಮೂಲೆಯ ಕಡೆಗೆ ಮೆರವಣಿಗೆ ಹೊರಡುತ್ತದೆ. ಅಲ್ಲಿ ಹೊಸದಾಗಿ ತೋಡಿದ್ದು ಹತ್ತೊಂಬತ್ತನೆಯ ಗುಂಡಿಯಾಗುತ್ತದೆ ಎಂದು ಅಜ್ಜ ಗೊಣಗಿದರು. ಖಾಲಿಯಾದ ಏಳನೆಯದನ್ನು ಮುಚ್ಚಿ ಲೆಕ್ಕ ಸರಿಮಾಡಿಕೊಂಡರು.

ಕಾರಿಡಾರಿನಲ್ಲಿ ವಿಜ್ಞಾನ ವಿಭಾಗದ ಮಾದರಿಗಳಿವೆ. ಥರ್ಮಾಕೋಲಿನಲ್ಲಿ ಮಾಡಿದ ‘ಮಾಲಿನ್ಯಮುಕ್ತ ನಗರ’ವನ್ನು ದಾಟಿ ಬನ್ನಿ; ಥರ್ಮಾಕೋಲಿನ ಬಗ್ಗೆ ನಾನೇನೂ ಹೇಳುವುದಿಲ್ಲ. ಕೊನೆಯ ಮೇಜಿಗೆ ಬನ್ನಿ. ಅಲ್ಲಿ ಜನ ಕಡಿಮೆ, ವಿಷಯ ಜಾಸ್ತಿ.

ಮೇಜಿನ ಮೇಲೆ ಮಣ್ಣಿನಲ್ಲಿ ಮಾಡಿದ ಒಲೆ, ಪುಟ್ಟ ಬಾಣಲೆ, ಅದರಲ್ಲಿ ಮರಳು, ಪಕ್ಕದಲ್ಲಿ ನಾಲ್ಕು ಬಟ್ಟಲು: ಭತ್ತ, ನೆನೆಸಿ ಹುರಿದ ಭತ್ತ, ಅಕ್ಕಿ, ಮಂಡಕ್ಕಿ. ನಿಂತಿರುವ ಹುಡುಗಿಯ ಮನೆಯದೇ ಮಂಡಕ್ಕಿ ಭಟ್ಟಿ. ದಾವಣಗೆರೆಯ ಬೆಣ್ಣೆ ದೋಸೆಗೆ ಹೆಸರು ಬಂತು. ಹೊಟ್ಟೆ ತುಂಬಿಸುವುದು ಮಾತ್ರ ಸಂಜೆಯ ಮಂಡಕ್ಕಿ-ಮಿರ್ಚಿ. ಊರಿನ ಒಂದು ಭಾಗದಲ್ಲಿ ಭಟ್ಟಿಗಳದೇ ಸಾಲು, ಚಿಮಣಿಗಳದೇ ಗುರುತು. ಹುಡುಗಿ ವಿವರಿಸುತ್ತಾಳೆ: ಭತ್ತವನ್ನು ಬಿಸಿನೀರಲ್ಲಿ ನೆನೆಸಬೇಕು, ಹುರಿಯಬೇಕು, ಒಣಗಿಸಬೇಕು, ಹೊಟ್ಟು ಬಿಡಿಸಬೇಕು, ಉಪ್ಪುನೀರು ಹಿಡಿಸಬೇಕು, ಕೊನೆಗೆ ಕೆಂಡದಂಥ ಮರಳಿಗೆ ಎಸೆದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರಳುತ್ತದೆ. ಅದಕ್ಕೆ ಬೆಂಕಿ ನಿಲ್ಲದೆ ಉರಿಯಬೇಕು.

“ಬೆಂಕಿಗೆ ಏನ್ ಹಾಕ್ತಾರಮ್ಮ?” ಮೇಷ್ಟ್ರು ಕೇಳುತ್ತಾರೆ.

“ಹೊಟ್ಟು ಹಾಕ್ತಾರೆ ಸರ್, ಸೌದೆ ಹಾಕ್ತಾರೆ.” ಒಂದು ಕ್ಷಣ ತಡೆದಳು. “ಹಳೇ ಟೈರ್ ಚೂರೂ ಹಾಕ್ತಾರೆ. ಅಗ್ಗ ಸಿಗ್ತದೆ, ಬಿಸಿ ಜಾಸ್ತಿ.”

ಟೈರ್ ಸುಟ್ಟ ಹೊಗೆ ಹೇಗಿರುತ್ತದೆ ಎಂದು ಅವಳು ಹೇಳಬೇಕಾಗಿಲ್ಲ. ಅವಳ ಚಾರ್ಟಿನಲ್ಲಿ ಗಂಧಕದ ಡೈಆಕ್ಸೈಡು, ಮಸಿ, ಇನ್ನೇನೇನೋ ರಾಸಾಯನಿಕಗಳ ಪಟ್ಟಿ ಇದೆ. ಪಟ್ಟಿಯ ಕೆಳಗೆ ಬೇರೆ ಪೆನ್ನಿನಲ್ಲಿ ಬರೆದ ಒಂದು ಸಾಲು ಇದೆ: ಟೈರ್ ಬದಲು ಹೊಟ್ಟು ಉರಿಸಿದರೆ ಮೂಟೆಗೆ ಖರ್ಚು ಎಷ್ಟು ಹೆಚ್ಚು ಎಂದು ಅಪ್ಪನ ಹತ್ತಿರ ಕೂತು ಹಾಕಿದ ಲೆಕ್ಕ. ಅಪ್ಪ ಒಪ್ಪಿದರಾ ಅಂದರೆ, “ಪಕ್ಕದ ಭಟ್ಟಿಯೋರು ಬಿಟ್ರೆ ನಾನೂ ಬಿಡ್ತೀನಿ ಅಂತಾರೆ ಸರ್.” ಪಕ್ಕದವರೂ ಅದನ್ನೇ ಅನ್ನುತ್ತಾರಂತೆ. ಹವಾಮಾನ ಬದಲಾವಣೆಯ ಮೇಲೆ ದೇಶದೇಶಗಳ ನಡುವೆ ನಡೆಯುವ ಮಾತುಕತೆ ಪೂರ್ತಿ ಇಷ್ಟೇ. ಬಹುಮಾನ ಆಮೇಲೆ ಥರ್ಮಾಕೋಲಿನ ನಗರಕ್ಕೆ ಹೋಯಿತು.

ಮಧ್ಯಾಹ್ನದ ತಿಂಡಿ ಅದೇ ಮಂಡಕ್ಕಿ, ಮೆಣಸಿನಕಾಯಿ, ಹುರಿಗಡಲೆ ಹಿಟ್ಟು. ತಟ್ಟೆ ಅಡಿಕೆ ಹಾಳೆಯದು. ಚನ್ನಗಿರಿ ಕಡೆ ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಚಹಾಕ್ಕೆ ಮಾತ್ರ ಜಗಳ. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪೊರೆ ಇದೆ ಎಂದು ರಸಾಯನಶಾಸ್ತ್ರದವರು, ಸ್ಟೀಲ್ ಲೋಟ ತೊಳೆಯುವ ನೀರಿನ ಲೆಕ್ಕ ಯಾರು ಕೊಡುತ್ತಾರೆ ಎಂದು ಕ್ಯಾಂಟೀನಿನವನು. ಚಹಾ ಆರುವ ತನಕ ವಾದ ನಡೆದು ಸ್ಟೀಲ್ ಲೋಟ ಗೆದ್ದಿತು. ತೊಳೆಯುವ ಪಾಳಿ ಗಂಡುಹುಡುಗರದು ಎಂದು ಮೇಡಂ ಹೇಳಿದ ಮೇಲೆ ಪೇಪರ್ ಕಪ್ಪಿನ ಪಕ್ಷಕ್ಕೆ ಹೊಸದಾಗಿ ಬಹಳ ಮಂದಿ ಸೇರಿದರು.

ಬಸ್ಸು ಹತ್ತಿ. ಕಾರ್ಯಕ್ರಮ ಇಲ್ಲಿಗೇ ಮುಗಿಯಬಹುದಿತ್ತು. ಹೆಚ್ಚಿನ ಕಡೆ ಮುಗಿದಿರುತ್ತದೆ. ಈ ಮೇಡಂ ಬಿಡಲಿಲ್ಲ. ಬೆಳಿಗ್ಗೆ ಅಜ್ಜ ಕೇಳಿದ ನೀರು ಎಲ್ಲಿಂದ ಬರುತ್ತದೋ ಅಲ್ಲಿಗೆ ಇವರನ್ನೆಲ್ಲ ಕರೆದೊಯ್ಯುವುದೆಂದು ಹಟ.

ಪಿ.ಬಿ. ರಸ್ತೆ ಹಿಡಿದು ಪಶ್ಚಿಮಕ್ಕೆ. ಮೊದಲ ನಿಲುಗಡೆ ಕುಂದವಾಡ ಕೆರೆ. ಏರಿಯ ಮೇಲೆ ಹತ್ತಿ ನಿಂತರೆ ಒಂದೇ ಸಲಕ್ಕೆ ಗಾಳಿ. ಬಿಸಿಯೇ, ಆದರೂ ಗಾಳಿ. ನೀರು ದಡ ಬಿಟ್ಟು ಕೆಳಗಿಳಿದಿದೆ, ಬಿರುಕು ಬಿಟ್ಟ ಕೆಸರಿನ ಅಂಚಿನಲ್ಲಿ ಬೆಳ್ಳಕ್ಕಿಗಳು. ಬೆಳಿಗ್ಗೆ ವಾಕಿಂಗಿಗೆ ಅರ್ಧ ಊರು ಇಲ್ಲಿಗೆ ಬರುತ್ತದೆ. ಇದು ಮಳೆ ತುಂಬಿಸುವ ಕೆರೆಯಲ್ಲ, ಭದ್ರಾ ನಾಲೆ ತುಂಬಿಸುವ ಕೆರೆ. ಅಲ್ಲಿಂದ ಊರಿನ ನಲ್ಲಿಗೆ. ಮೊದಲ ಪಟ್ಟಿಯ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ದಾವಣಗೆರೆಯೂ ಒಂದಾಗಿ, ಕೆರೆಗೆ ಅಭಿವೃದ್ಧಿಯ ಕೆಲಸ ಬಂದಾಗ, ಏರಿ ಚೆಂದ ಆಗಬೇಕೋ ಹಕ್ಕಿಗೆ ಜಾಗ ಉಳಿಯಬೇಕೋ ಎಂದು ಊರಲ್ಲಿ ವಾದ ಎದ್ದಿತ್ತು.

“ಲಕ್ಕವಳ್ಳಿ ಡ್ಯಾಮ್ ಎಷ್ಟಡಿಗೆ ತುಂಬ್ತದೆ, ಯಾರಿಗೆ ಗೊತ್ತು?” ಮೇಡಂ ಕೇಳುತ್ತಾರೆ.

ಹಳ್ಳಿಯಿಂದ ಬರುವ ಹುಡುಗರು ಒಟ್ಟಿಗೇ ಕೂಗುತ್ತಾರೆ: “ನೂರಾ ಎಂಬತ್ತಾರು!” ವಿನೋಬನಗರದ ಹುಡುಗರು ಇವರ ಮುಖ ನೋಡುತ್ತಾರೆ. ಭದ್ರಾ ಜಲಾಶಯ 186 ಅಡಿ, 71.5 ಟಿಎಂಸಿ, ಇಲ್ಲಿಯ ರೈತನ ಮನೆಯಲ್ಲಿ ಬೆಳಿಗ್ಗೆ ಪೇಪರ್ ಬಂದರೆ ಮೊದಲು ಓದುವುದು ಇವತ್ತು ಎಷ್ಟಡಿ ಎನ್ನುವುದನ್ನು. ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಮುಟ್ಟದೆ ಇದ್ದಾಗ ರಸ್ತೆ ತಡೆ ಆಗುತ್ತದೆ. ಬಸ್ಸು ತಡವಾಯಿತು ಎಂದಷ್ಟೇ ಊರಿನವರಿಗೆ ಗೊತ್ತಾಗುವುದು. ಗದ್ದೆಗೂ ಕೊಡಕ್ಕೂ ಒಂದೇ ನಾಲೆ. 2011ರ ಜನಗಣತಿಗೇ ನಾಲ್ಕೂಕಾಲು ಲಕ್ಷ ದಾಟಿದ ಊರು ಇದು.

ಬಾತಿ ದಾಟಿ ಹರಿಹರ. ಮೆಕ್ಕೆಜೋಳಕ್ಕೆ ಹಸನು ಮಾಡಿಟ್ಟ ಕೆಂಪು, ಕಪ್ಪು ಹೊಲಗಳು ಎರಡೂ ಕಡೆ ಬಾಯಿ ತೆರೆದು ಮಲಗಿವೆ. ಹದಿನಾಲ್ಕು ಕಿಲೋಮೀಟರ್ ದಾರಿಯಲ್ಲಿ ಅಂತ್ಯಾಕ್ಷರಿ ಎರಡು ಸುತ್ತು ಮುಗಿಯುತ್ತದೆ.

ಇಳಿದು ಹರಿಹರೇಶ್ವರ ಗುಡಿಯ ಪಕ್ಕದಿಂದ ಹೊಳೆಗೆ ಬನ್ನಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಒಳಗೆ ಅರ್ಧ ಹರಿ, ಅರ್ಧ ಹರ. ಮೆಟ್ಟಿಲು ಇಳಿಯುತ್ತಿದ್ದಂತೆ ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ ಹೊಳೆ ಸಿಗುತ್ತದೆ. ಕರ್ಪೂರ, ಒದ್ದೆ ಬಟ್ಟೆ, ಚರಂಡಿ, ಎಲ್ಲದರ ವಾಸನೆ ಒಟ್ಟಿಗೆ. ಜೂನ್ ಮೊದಲ ವಾರದ ತುಂಗಭದ್ರೆ ಬಂಡೆಗಳ ನಡುವೆ ಎರಡು ಮೂರು ಕವಲಾಗಿ ತೆಳ್ಳಗೆ ಹರಿಯುತ್ತದೆ. ಮಡುಗಳಲ್ಲಿ ಅಂತರಗಂಗೆ ಹಸಿರಾಗಿ ಹಬ್ಬಿದೆ. ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತಿದೆ. ದೂರದಲ್ಲಿ ಹಳೇ ಸೇತುವೆಯ ಕಮಾನುಗಳು. ಇಲ್ಲೇ ಹತ್ತಿರದ ರಾಜನಹಳ್ಳಿಯಲ್ಲಿ ನೀರೆತ್ತಿ ದಾವಣಗೆರೆಗೆ ಪಂಪ್ ಮಾಡುತ್ತಾರೆ. ಅಂದರೆ ವಿನೋಬನಗರದ ನಲ್ಲಿಯಲ್ಲಿ ಬಂದದ್ದರಲ್ಲಿ ಒಂದು ಪಾಲು ಇದೇ ಹೊಳೆ.

“ಕುಡಿಯೋದಾ ಇದನ್ನ?” ಒಬ್ಬಳು ಮೂಗು ಮುಚ್ಚಿಕೊಂಡೇ ಕೇಳುತ್ತಾಳೆ.

“ಸೋಸಿ, ಕ್ಲೋರಿನ್ ಹಾಕಿ ಕಳಿಸ್ತಾರೆ. ಹುಟ್ಟಿದಾಗಿಂದ ಕುಡೀತಿದ್ದೀಯ.”

ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುತ್ತವೆ. ಸೇರುವ ಮೊದಲೇ ತುಂಗೆ ಶಿವಮೊಗ್ಗವನ್ನೂ ಭದ್ರೆ ಭದ್ರಾವತಿಯನ್ನೂ ಹಾದು ಬಂದಿರುತ್ತವೆ. ಸೇರಿದ ಮೇಲೆ ಹೊನ್ನಾಳಿ. ಮೇಲಿನ ಊರುಗಳ ಬಚ್ಚಲ ನೀರು ನಮ್ಮ ಕೊಡಕ್ಕೆ, ನಮ್ಮ ಬಚ್ಚಲದ್ದು ಕೆಳಗಿನವರ ಕೊಡಕ್ಕೆ. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಹರಿಹರದ ತನಕ ದಡ ಹಿಡಿದು ನಡೆದು ಬಂದದ್ದು ಇದನ್ನೇ ಊರೂರಿಗೆ ಹೇಳಲು. ಮೇಷ್ಟ್ರ ಕಾಲದ ಹೋರಾಟಕ್ಕೆ ಒಂದು ಅನುಕೂಲ ಇತ್ತು: ಕೊಳವೆ ಒಂದು, ಅದರ ಬಾಯಿ ಎಲ್ಲರಿಗೂ ಕಾಣುತ್ತಿತ್ತು, ಬೆರಳು ತೋರಿಸಬಹುದಿತ್ತು. ಈಗಿನದು ಲಕ್ಷ ಬಚ್ಚಲುಗಳದು. ಯಾರ ಮನೆ ಮುಂದೆ ಧರಣಿ ಕೂರುವುದು?

ರಸಾಯನಶಾಸ್ತ್ರದ ಇಬ್ಬರು ಹುಡುಗರು ಪ್ಯಾಂಟು ಮಡಚಿ ಹರಿವಿಗೆ ಇಳಿದಿದ್ದಾರೆ. ಬಾಟಲಿಯನ್ನು ಗಾಳಿಗುಳ್ಳೆ ಬಾರದಂತೆ ನೀರೊಳಗೇ ತುಂಬಿಸಿ, ಅಲ್ಲೇ ಬಿರಡೆ ಹಾಕುತ್ತಾರೆ. ದಡಕ್ಕೆ ತಂದು ಪಿಪೆಟ್ಟಿನಿಂದ ಮ್ಯಾಂಗನೀಸ್ ಸಲ್ಫೇಟು, ಆಮೇಲೆ ಕ್ಷಾರದ ಅಯೋಡೈಡು. ವಿಂಕ್ಲರ್ ವಿಧಾನ, ಲ್ಯಾಬಿನಲ್ಲಿ ಎಷ್ಟೋ ಸಲ ಮಾಡಿದ್ದಾರೆ, ನಲ್ಲಿ ನೀರಿನ ಮೇಲೆ. ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಕಂದು ಗಷ್ಟು ಕಟ್ಟುತ್ತದೆ. ಎಷ್ಟು ಕಂದೋ ಅಷ್ಟು ಆಮ್ಲಜನಕ; ಬೆಳ್ಳಗೇ ಉಳಿದರೆ ಮೀನಿಗೆ ಉಸಿರಿಲ್ಲ. ಹರಿವಿನ ನಡುವಿನ ಬಾಟಲಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಮೋರಿಯ ಬಾಯಿಂದ ತುಂಬಿದ್ದು ಮಾಸಲು ಬಿಳುಪಿನಲ್ಲೇ ನಿಂತಿತು. ಎರಡನ್ನೂ ಮೆಟ್ಟಿಲ ಮೇಲೆ ಅಕ್ಕಪಕ್ಕ ಇಟ್ಟರು. ಬಟ್ಟೆ ಒಗೆಯುತ್ತಿದ್ದ ಅಮ್ಮ ಒಬ್ಬರು ಕೈ ನಿಲ್ಲಿಸಿ ಬಂದು ನೋಡಿದರು. “ಯಾವುದು ಚಲೋದು?” ಅಂದರು. ಹುಡುಗ ತೋರಿಸಿದ. “ಕೆಂಪಗಿರೋದು ಚಲೋದಾ?” ನಂಬಿಕೆ ಬಾರದೆ ಮತ್ತೆ ಕಲ್ಲಿನ ಕಡೆ ಹೋದರು.

ಉಳಿದವರು ದಡದ ಕಸ ಬಾಚುತ್ತಿದ್ದಾರೆ. ಶಾಂಪೂ ಪೊಟ್ಟಣದ ಸರಗಳು, ಗುಟ್ಕಾ ಚೀಟಿ, ತೆಂಗಿನ ಚಿಪ್ಪು, ಮಿಂದು ಬಿಟ್ಟುಹೋದ ಪಂಚೆ-ಸೀರೆಗಳು; ಒದ್ದೆ ಸೀರೆ ಮರಳು ತುಂಬಿಕೊಂಡು ಎಳೆದರೂ ಬರುವುದಿಲ್ಲ, ಮೂವರು ಹಿಡಿಯಬೇಕು. ಹತ್ತಾರು ಚೀಲ ತುಂಬಿ ಮೇಲೆ ಸಾಗಿಸುವಷ್ಟರಲ್ಲಿ ಐದು ದಾಟಿದೆ. ನಗರಸಭೆಯ ಕಸದ ಗಾಡಿ ಹೇಳಿಟ್ಟಂತೆ ಬಂದಿದೆ. ಎಲ್ಲ ಮುಗಿಯಿತು ಎಂದು ಕೈ ಕೊಡವಿಕೊಳ್ಳುವಾಗ ಡ್ರೈವರ್ ಒಂದು ಚೀಲದ ಬಾಯಿ ಬಿಚ್ಚಿ ನೋಡಿ ಕಟ್ಟಿಬಿಟ್ಟ.

“ಹಸಿ, ಒಣ ಎಲ್ಲಾ ಕಲಸಿಬಿಟ್ಟೀರಲ್ಲ. ಬ್ಯಾರೆ ಮಾಡಿ ಕೊಡ್ರಿ, ಒಯ್ತೀನಿ.”

“ಅಣ್ಣಾ, ಪರಿಸರ ದಿನ ಅಣ್ಣಾ ಇವತ್ತು.”

“ಅದಕ್ಕೇ ಹೇಳಿದ್ದು.”

ಮೇಡಂ ಏನೂ ಅನ್ನಲಿಲ್ಲ. ಮೊದಲ ಚೀಲವನ್ನು ತಾವೇ ತಲೆಕೆಳಗು ಸುರಿದು ಕೂತರು. ಈಗ ನೋಡಿ, ರಸ್ತೆ ಬದಿಯಲ್ಲಿ ಎಪ್ಪತ್ತು ಹುಡುಗ ಹುಡುಗಿಯರು ಕುಕ್ಕುರುಗಾಲಲ್ಲಿ ಕೂತು ಹೂವನ್ನು ಹಾರದ ಪ್ಲಾಸ್ಟಿಕ್ ದಾರದಿಂದ ಬಿಡಿಸುತ್ತಿದ್ದಾರೆ. ಹೂವು ಹಸಿ, ದಾರ ಒಣ. ಚಿಪ್ಪು ಯಾವ ಕಡೆ ಎಂದು ಚರ್ಚೆ. ಬಟ್ಟೆಗೆ ಮೂರನೇ ರಾಶಿ. ಮಾತ್ರೆಯ ಹಾಳೆ, ಒಡೆದ ಬಲ್ಬು ಸಿಕ್ಕಾಗ ನಾಲ್ಕನೆಯದು. ಡ್ರೈವರ್ ಗಾಡಿಗೆ ಒರಗಿ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಹಾಗೆ ನೋಡುತ್ತಿದ್ದಾನೆ.

ಆಮೇಲೆ ಒಂದು ಚೀಲದಿಂದ ದೇವರ ಫೋಟೋಗಳು ಬಂದವು. ಮನೆ ಬದಲಿಸಿದವರು, ಹೊಸದು ತಂದವರು, ಗ್ಲಾಸು ಸೀಳಿದ್ದನ್ನು ಮನೆಯಲ್ಲಿಡಬಾರದೆಂದು ನಂಬಿದವರು ಹೊಳೆಗೆ ಬಿಟ್ಟುಹೋದವು. ಲಕ್ಷ್ಮಿ, ವೆಂಕಟರಮಣ, ಉಕ್ಕಡಗಾತ್ರಿಯ ಅಜ್ಜಯ್ಯ. ಕಟ್ಟು ಮರದ್ದು, ಹಿಂದೆ ತಗಡು, ಮುಂದೆ ಗ್ಲಾಸು, ನಡುವೆ ಕಾಗದ. ಯಾವ ರಾಶಿಗೆ?

“ಬಿಚ್ಚಿ ಬ್ಯಾರೆ ಬ್ಯಾರೆ ಹಾಕು. ಪೇಪರ್ ಒಣಕಸ.”

“ಲೇ, ದೇವ್ರು ಕಣೋ ಅದು. ಒಣಕಸ ಅಂತೀಯಲ್ಲ.”

“ಹೊಳೆಗೆ ಎಸೆದೋರಿಗೆ ದೇವ್ರು ಅನ್ಸಲಿಲ್ಲ, ನಮಗ್ಯಾಕೆ?”

“ನೀನೇ ಹಾಕು ಹಂಗಾದ್ರೆ.”

ಹಾಕಲು ಯಾರೂ ಮುಂದೆ ಬರಲಿಲ್ಲ. ಹೊಳೆಗೆ ವಾಪಸ್ ಬಿಡೋಣ ಎಂದು ಒಬ್ಬ ಮೆಲ್ಲಗೆ ಅಂದು ಎಲ್ಲರಿಂದ ಬೈಸಿಕೊಂಡ. ಮೇಡಂ ಕೂಡ ವೆಂಕಟರಮಣನನ್ನು ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದಾರೆ. ಕೊನೆಗೆ ಡ್ರೈವರೇ ಗಾಡಿಯ ಬಾಗಿಲು ಪೂರ್ತಿ ತೆರೆದ. ಸೀಟಿನ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ, ಕನ್ನಡಿಯ ಸಂದಿಯಲ್ಲಿ, ಎಲ್ಲೆಲ್ಲೂ ಫೋಟೋಗಳು.

“ಇಲ್ಲಿ ಕೊಡ್ರಿ. ಗ್ಲಾಸ್ ಒಡೆದಿರೋದನ್ನ ಮಾತ್ರ ಆ ನಾಲ್ಕನೇ ರಾಶಿಗೆ ಹಾಕ್ರಿ, ಕೂರಾಕೆ ಜಾಗ ಇಲ್ಲ ನಂಗೆ.”